ಸಂತನ ಗಡ್ಡ ಕತ್ತರಿಸುತ್ತಿದ್ದ ಡುನ್ನೆ

ಹೆರ್ನೆ ದ್ವೀಪದ ಡುನ್ನೆಗೆ ಇದ್ದ ಕಸುಬು ಇಡೀ ಜೌಗು ಸೀಮೆಯಲ್ಲಿ ಇನ್ನೊಬ್ಬರಿಗೆ ಇರಲಿಲ್ಲ. ಸತ್ತು ಇನ್ನೂರು ವರ್ಷವಾಗಿದ್ದ ಸಂತ ಹೂನ್‌ವಾಲ್ಡನಿಗೆ ವರ್ಷಕ್ಕೊಂದು ಸಲ ಗಡ್ಡ ಕತ್ತರಿಸುವುದು ಅವಳ ಕೆಲಸ. ಸುಗ್ಗಿ ಮುಗಿದ ಮೇಲೆ ಬರುವ ಸಂತನ ಹಬ್ಬದ ದಿನ ಅವಳು ಮಿಂದು, ಮೂಳೆಯ ಬಾಚಣಿಗೆ ಮತ್ತು ಕತ್ತರಿಯನ್ನು ಚೀಲದಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಒಬ್ಬಳೇ ಚರ್ಚಿನೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಹೊರಗೆ ಜನ ಕೆಸರಿನಲ್ಲಿ ಮಂಡಿಯೂರಿ ಕಾಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವಳು ಹೊರಗೆ ಬಂದರೆ ಕೈಯಲ್ಲಿನ ಬಿಳಿ ಬಟ್ಟೆಯ ಮೇಲೆ ಒಂದು ಹಿಡಿ ಹೊಂಬಣ್ಣದ ಗಡ್ಡ ಇರುತ್ತಿತ್ತು. ಅದನ್ನು ಎಳೆ ಎಳೆಯಾಗಿ ಹಂಚಿಕೊಂಡು ಹೋದ ಜನ ಜ್ವರ ಬಂದವರ ಕೊರಳಿಗೂ ಹಾಲು ಬತ್ತಿದ ಹಸುವಿನ ಕೊಂಬಿಗೂ ಕಟ್ಟುತ್ತಿದ್ದರು. ಅರ್ಧ ನೀರು, ಅರ್ಧ ಜ್ವರ ಇರುವ ಆ ಸೀಮೆಯಲ್ಲಿ ಇಂಥ ವಸ್ತುವಿಗೆ ಯಾವತ್ತೂ ಗಿರಾಕಿ ಕಡಿಮೆಯಾಗಲಿಲ್ಲ.

ಕಸುಬು ಅವಳಿಗೆ ಬಂದದ್ದು ಅತ್ತೆಯಿಂದ. ಮದುವೆಯಾಗಿ ಬಂದ ವರ್ಷ ಅತ್ತೆ ಅವಳನ್ನು ಚರ್ಚಿನೊಳಗೆ ಕರೆದೊಯ್ದು, ಬಾಗಿಲಿಗೆ ಅಗುಳಿ ಹಾಕಿ, ಸಂತನ ಪೆಟ್ಟಿಗೆಯ ಮುಚ್ಚಳವನ್ನೂ ಶವವಸ್ತ್ರವನ್ನೂ ಸರಿಸಿದಾಗ ಡುನ್ನೆ ಕಣ್ಣು ಮುಚ್ಚಿಕೊಂಡು ನಿಂತಿದ್ದಳು.

"ಕಣ್ಬಿಡೇ ಹುಡುಗಿ. ಏನೂ ಕಚ್ಚಲ್ಲ."

ಒಳಗೆ ಹಳದಿಗಟ್ಟಿದ ತಲೆಬುರುಡೆ, ಒಂದಷ್ಟು ಪಕ್ಕೆಲುಬು, ಮೂಲೆಯಲ್ಲಿ ಇಲಿ ಕಟ್ಟಿಕೊಂಡಿದ್ದ ಗೂಡು.

"ಗಡ್ಡ ಎಲ್ಲಿ ಅತ್ತೆ?"

"ಮನೇಲಿ ಗಂಜಿ ಕುಡೀತಾ ಕೂತಿದೆ. ಬೆಳಗ್ಗೆ ಎರಡು ಸಲ ಬಡಿಸಿ ಬಂದ್ಯಲ್ಲ, ಅದೇ." ಅತ್ತೆ ಸೆರಗಿನೊಳಗಿಂದ ಒಂದು ಗಂಟು ತೆಗೆದು ಬಿಚ್ಚಿದಳು. ಡುನ್ನೆಯ ಗಂಡ ಗಾರ್ಮುಂಡನ ಗಡ್ಡ. ಹಿಂದಿನ ದಿನ ಅವನು ನಿದ್ದೆಯಿಂದೆದ್ದು ತುದಿ ಕತ್ತರಿಸಿಕೊಂಡಿದ್ದನ್ನು ಡುನ್ನೆಯೇ ನೋಡಿದ್ದಳು. "ಮೊದಲು ನಿಮ್ಮ ಮಾವಂದು. ಅದಕ್ಕೂ ಮುಂಚೆ ಅವರಪ್ಪಂದು. ಈ ಮನೆ ಗಂಡಸ್ರಿಂದ ಊರಿಗೆ ಉಪಯೋಗ ಆಗಿರೋದು ಅಂದ್ರೆ ಇದೊಂದೇ ಕಣೆ."

"ಯಾರಾದ್ರೂ ಮುಚ್ಚಳ ತೆಗೆದು ನೋಡಿದ್ರೆ?"

"ಗಂಡಸ್ರು ನೋಡಿದ್ರೆ ಕಣ್ಣು ಇಂಗೋಗುತ್ತೆ ಅಂತ ನಮ್ಮತ್ತೆ ಒಂದು ಮಾತು ಬಿಟ್ಟಿದ್ಲು. ಪಾಪ, ದೇವರಂಥ ಹೆಂಗಸು. ಇವತ್ತಿನವರೆಗೂ ಒಬ್ಬ ಧೀರನೂ ಹತ್ತಿರ ಬಂದಿಲ್ಲ."

ಗಾರ್ಮುಂಡ್ ಆ ಚರ್ಚಿನ ನಾಲ್ಕು ಪಾದ್ರಿಗಳಲ್ಲಿ ಒಬ್ಬ. ನಾಲ್ವರಿಗೂ ಹೆಂಡಿರಿದ್ದರು, ಚರ್ಚಿನ ಸುತ್ತ ಮನೆಗಳಿದ್ದವು, ಮನೆಗಳ ಸುತ್ತ ಬಾತುಗಳಿದ್ದವು. ಪಾದ್ರಿಗೆ ಹೆಂಡತಿ ಇರಬಾರದೆಂದು ಎಲ್ಲೋ ಬರೆದಿದೆ ಎಂಬುದನ್ನು ನಾಲ್ವರೂ ಕೇಳಿದ್ದರು. ಬರೆದದ್ದನ್ನು ಓದಲು ನಾಲ್ವರಲ್ಲಿ ಒಬ್ಬನಿಗೂ ನೆಟ್ಟಗೆ ಬಾರದ ಕಾರಣ ಯಾರ ಸಂಸಾರಕ್ಕೂ ತೊಂದರೆಯಾಗಿರಲಿಲ್ಲ. ಗಾರ್ಮುಂಡನಿಗೆ ಲ್ಯಾಟಿನ್ ಪ್ರಾರ್ಥನೆಗಳೆಲ್ಲ ಬಾಯಿಪಾಠ, ಅರ್ಥ ಮಾತ್ರ ಸೊನ್ನೆ. ಕೆಟ್ಟವನೆನ್ನುವಷ್ಟು ಗಟ್ಟಿ ಮನುಷ್ಯನೂ ಅವನಲ್ಲ. ಎಲ್ಲಿ ಕೂರಿಸಿದರೆ ಅಲ್ಲಿ ಕೂರುತ್ತಿದ್ದ, ಬಡಿಸಿದ್ದನ್ನು ತಿನ್ನುತ್ತಿದ್ದ. ಗಡ್ಡ ಮಾತ್ರ ನೋಡುವ ಹಾಗಿತ್ತು. ಎದೆ ಮುಚ್ಚುವಷ್ಟು ದಟ್ಟ, ಬಿಸಿಲಿಗೆ ಬಾರ್ಲಿ ತೆನೆಯಂತೆ ಹೊಳೆಯುತ್ತಿತ್ತು. ಅದನ್ನು ನೋಡಿಯೇ ತಾನು ಮದುವೆಗೆ ಒಪ್ಪಿದ್ದು ಎಂದು ಡುನ್ನೆ ಆಮೇಲೆ ತನ್ನನ್ನು ತಾನೇ ಬೈದುಕೊಂಡದ್ದುಂಟು.

ಅವರಿಗೆ ಒಂದು ಹೆಣ್ಣುಮಗುವಾಯಿತು. ಟಾಟೆ ಎಂದು ಹೆಸರಿಟ್ಟರು. ಎರಡೂವರೆ ವರ್ಷಕ್ಕೆ ಅದಕ್ಕೆ ಜೌಗಿನ ಜ್ವರ ಹಿಡಿಯಿತು. ಮೂರನೆಯ ದಿನ ಮಗು ಕಣ್ಣು ತೆರೆಯದೆ ಹೋದಾಗ ಡುನ್ನೆ ಸಂತನ ಗಡ್ಡದ ಒಂದು ಎಳೆಯನ್ನು ಬಟ್ಟೆಯಲ್ಲಿ ಸುತ್ತಿ ಅದರ ಕೊರಳಿಗೆ ಕಟ್ಟಿದಳು. ಅದು ಯಾರ ಗಡ್ಡವೆಂದು ಲೋಕದಲ್ಲಿ ಎಲ್ಲರಿಗಿಂತ ಚೆನ್ನಾಗಿ ಅವಳಿಗೇ ಗೊತ್ತಿತ್ತು. ಆದರೂ ಕಟ್ಟಿದಳು. ನಾಲ್ಕನೆಯ ದಿನ ಮಗು ಹೋಯಿತು.

ಚಿಕ್ಕ ಮಕ್ಕಳನ್ನು ಅಲ್ಲಿ ಚರ್ಚಿನ ಗೋಡೆಗೆ ಒತ್ತಿ, ಸೂರಿನ ಕೆಳಗೆ ಹೂಳುವುದು ವಾಡಿಕೆ. ಮಳೆ ಬಂದಾಗ ಚರ್ಚಿನ ಮಾಡಿನಿಂದ ಇಳಿಯುವ ನೀರು ದೀಕ್ಷಾಸ್ನಾನದ ನೀರಿಗೆ ಸಮ. ಕೊನೆಯ ತೀರ್ಪಿನ ದಿನದವರೆಗೂ ಅದು ಮಕ್ಕಳನ್ನು ತೊಳೆಯುತ್ತಲೇ ಇರುತ್ತದೆ. ಟಾಟೆಯನ್ನು ಬಡಗಣ ಗೋಡೆಯ ಸೂರಿನಡಿ ಮಲಗಿಸಿದರು. ಡುನ್ನೆಯ ಹೊಸ್ತಿಲಿಂದ ಅಲ್ಲಿಗೆ ಹನ್ನೆರಡು ಹೆಜ್ಜೆ. ಮಳೆ ಹಿಡಿದಾಗಲೆಲ್ಲ ಅವಳು ನೂಲುವ ಕದಿರನ್ನು ಕೆಳಗಿಟ್ಟು, ಹೊಸ್ತಿಲಲ್ಲಿ ಕೂತು, ಸೂರಿನ ನೀರು ಆ ಮಣ್ಣಿನ ಮೇಲೆ ಬೀಳುವ ಸದ್ದನ್ನು ಕೇಳುತ್ತಿದ್ದಳು. ಆಗ ಅವಳಿಗೆ ಸಮಾಧಾನವಾಗುತ್ತಿತ್ತು. ಮಗುವಿಗಾಗಿ ಈಗ ಏನೋ ಒಂದು ನಡೆಯುತ್ತಿದೆ ಅನ್ನಿಸುತ್ತಿತ್ತು. ಬೇರೆ ಯಾವ ಪ್ರಾರ್ಥನೆಯಿಂದಲೂ ಹಾಗೆ ಅನ್ನಿಸಿರಲಿಲ್ಲ. ಹಾಗೆ ಒಂಬತ್ತು ವರ್ಷ ಕಳೆಯಿತು.

ಹತ್ತನೆಯ ವರ್ಷದ ವಸಂತದಲ್ಲಿ ಮೂರು ದೋಣಿಗಳಲ್ಲಿ ಸನ್ಯಾಸಿಗಳು ಬಂದಿಳಿದರು. ದೇಶದಲ್ಲೆಲ್ಲ ಆಗ ಅದೇ ಗಾಳಿ. ಹಳೆಯ ಪಾದ್ರಿಗಳನ್ನು ಓಡಿಸಿ ಆ ಜಾಗಗಳಲ್ಲಿ ಮಠ ಕಟ್ಟುವುದು, ಧರ್ಮವನ್ನು ಚೊಕ್ಕಟ ಮಾಡುವುದು. ಅವರ ಮಠಾಧೀಶ ಸೀಗರ್ ಸುಲಿದ ಈರುಳ್ಳಿಯಷ್ಟು ಬೆಳ್ಳಗೆ, ಅಷ್ಟೇ ನುಣ್ಣಗೆ ಇದ್ದ. ಅವನು ದಡದಲ್ಲೇ ನಿಂತು ರಾಜನ ಪತ್ರ ಓದಿಸಿದ. ಪಾದ್ರಿಗಳು ಹೆಂಡಿರನ್ನು ಬಿಟ್ಟು, ಕರಿ ನಿಲುವಂಗಿ ತೊಟ್ಟು, ಮಠದ ನಿಯಮಕ್ಕೆ ತಲೆಬಾಗಬೇಕು. ಆಗದವರು ಸಂಜೆಯೊಳಗೆ ದ್ವೀಪ ಬಿಡಬೇಕು. ಮೂವರು ಪಾದ್ರಿಗಳು ಹೆಂಡಿರು, ಬಾತುಗಳ ಸಮೇತ ಗಂಟುಮೂಟೆ ಕಟ್ಟಿದರು. ಅವರಲ್ಲೊಬ್ಬ ಚರ್ಚಿನ ಒಳ್ಳೆಯ ಹಂಡೆಯೊಂದನ್ನೂ ಎತ್ತಿಕೊಂಡು ಹೋದ. ಆ ಮೂವರ ಬಗ್ಗೆ ಹೇಳಬಹುದಾದ ಗೌರವದ ಮಾತೆಂದರೆ ಹೆಂಡಿರನ್ನು ಹಂಡೆಗಿಂತ ಮೊದಲು ದೋಣಿ ಹತ್ತಿಸಿದರು ಎಂಬುದು.

ಗಾರ್ಮುಂಡ್ ಕದಲಲಿಲ್ಲ.

"ಹೊಟ್ಟೆಪಾಡು ಕಣೆ ಡುನ್ನೆ," ಎಂದ. "ಈ ವಯಸ್ಸಲ್ಲಿ ಎಲ್ಲಿ ಹೋಗಿ ಹಾವುಮೀನು ಹಿಡೀಲಿ? ಇಲ್ಲಿ ಎರಡು ಹೊತ್ತು ಊಟ ಅಂತೂ ಇದೆ."

"ನಾನೇನು ಮಾಡ್ಲಿ?"

"ನಿಂಗೆ ದೇವರಿದ್ದಾನೆ."

"ನಿಂಗೆ ಊಟ, ನಂಗೆ ದೇವರು. ಪಾಲು ಚೆನ್ನಾಗಿ ಮಾಡ್ದೆ ಬಿಡು."

"ಹಂಗೆಲ್ಲಾ ಚುಚ್ಚಬೇಡ. ನಂಗೂ ಸಂಕಟ ಆಗಲ್ವಾ?" ಎಂದು ಅವನು ಕಣ್ಣೊರೆಸಿಕೊಂಡ. ಒರೆಸಿಕೊಂಡು, ಒಲೆಯ ಪಕ್ಕ ಆರಲು ಇಟ್ಟಿದ್ದ ಬಾರ್ಲಿ ರೊಟ್ಟಿಯನ್ನು ಮರೆಯದೆ ಎತ್ತಿಕೊಂಡು ಹೋದ.

ಮಾರನೆಯ ದಿನ ಮಧ್ಯಾಹ್ನ ಅವಳು ಅವನನ್ನು ಬಾವಿಯ ಬಳಿ ಕಂಡಳು. ಮಠದ ನಿಯಮದಂತೆ ಗಡ್ಡ ಬೋಳಿಸಿದ್ದರು. ಕಿವಿಯಿಂದ ಕತ್ತಿನವರೆಗೆ ಮುಖ ಒಂದೇ ಸಮ ಜಾರಿಕೊಂಡು ಹೋಗಿತ್ತು. ನಡುವೆ ಗದ್ದ ಎಂಬುದೇ ಇರಲಿಲ್ಲ. ಹದಿನಾಲ್ಕು ವರ್ಷ ಬಾಳ್ವೆ ಮಾಡಿದ ಗಂಡನಿಗೆ ಗದ್ದವಿಲ್ಲವೆಂಬುದು ಅವಳಿಗೆ ಆ ದಿನ ತಿಳಿಯಿತು. ಅವಳಿಗೆ ಅಳು ಬರಬೇಕಿತ್ತೋ ಏನೋ, ನಗು ಬಂತು. ನಗುತ್ತಲೇ ಕೊಡ ತುಂಬಿಸಿಕೊಂಡು ಬಂದಳು.

ನಗು ಹೆಚ್ಚು ದಿನ ಉಳಿಯಲಿಲ್ಲ. ಸನ್ಯಾಸಿಗಳು ಚರ್ಚಿನ ಸುತ್ತ ಬೇಲಿ ಹಾಕತೊಡಗಿದರು. ಬೇಲಿಯೊಳಗೆ ಹೆಂಗಸರು ಬರುವ ಹಾಗಿಲ್ಲ, ಸಂತನ ಹಬ್ಬದ ಒಂದು ದಿನ ಬಿಟ್ಟು. ಬಿಟ್ಟುಹೋದ ಪಾದ್ರಿಗಳ ಮೂರು ಮನೆಗಳನ್ನು ಕೆಡವಿ ಅವುಗಳ ತೊಲೆಗಳನ್ನೇ ಬೇಲಿಗೆ ನೆಟ್ಟರು. ಉಳಿದದ್ದು ಡುನ್ನೆಯ ಮನೆ. ಅದು ಹೋದರೆ ಆ ಹನ್ನೆರಡು ಹೆಜ್ಜೆಯೂ ಹೋಗುತ್ತದೆ, ಸೂರಿನ ಸದ್ದೂ ಹೋಗುತ್ತದೆ. ಮನೆಯ ಮೇಲೆ ಅವಳಿಗೆ ಬೇರೆ ಯಾವ ಮೋಹವೂ ಇರಲಿಲ್ಲ. ಸೋರುವ ಮನೆ, ಹೊಗೆ ತುಂಬುವ ಮನೆ. ಮಗಳನ್ನು ಬಿಟ್ಟು ಹೋಗುವುದು ಮಾತ್ರ ಅವಳಿಂದ ಆಗದ ಮಾತಾಗಿತ್ತು.

ಸೀಗರ್ ಅವಳನ್ನು ಕರೆಸಿದ. ಅವನು ಹೆಂಗಸರ ಮುಖ ನೋಡುತ್ತಿರಲಿಲ್ಲ. ಅವಳು ಈ ಕಡೆ ನಿಂತರೆ ಅವನು ಆ ಕಡೆಯ ಕಂಬ ನೋಡಿಕೊಂಡು ಮಾತಾಡಿದ.

"ಸಂತರ ಗಡ್ಡ ಕತ್ತರಿಸೋಳು ನೀನಂತೆ."

"ಹೌದು ಗುರುಗಳೇ."

"ಹೆಂಗಸಿನ ಕೈ! ಛೆ." ಕಂಬಕ್ಕೆ ಅಸಹ್ಯವಾಗುವಂತೆ ಮುಖ ಕಿವುಚಿದ. "ಈ ಸಲ ಹಬ್ಬಕ್ಕೆ ಬಿಷಪ್ಪರು ಬರ್ತಾರೆ. ಸಂತರ ದೇಹ ಕೆಟ್ಟಿಲ್ಲ, ಗಡ್ಡ ಇನ್ನೂ ಬೆಳೀತಿದೆ ಅಂತ ಅವರ ಎದುರಿಗೇ ತೋರಿಸಬೇಕು. ನಮ್ಮ ಸನ್ಯಾಸಿಗಳ ಕೈಲೇ ತೆಗೆಸ್ತಿದ್ದೆ. ಆದರೆ ಈ ಜನಕ್ಕೆ ನಿನ್ನ ಕೈ ರೂಢಿ."

ಗಂಡಸರು ನೋಡಿದರೆ ಕಣ್ಣು ಹೋಗುತ್ತದೆ ಎಂಬ ಮಾತು ಅವನ ಕಿವಿಗೂ ಬಿದ್ದಿದೆ ಎಂದು ಡುನ್ನೆಗೆ ತಕ್ಷಣ ತಿಳಿಯಿತು. ಇಷ್ಟು ದೊಡ್ಡ ಮನುಷ್ಯ, ರಾಜನ ಪತ್ರ ತಂದವನು, ಅತ್ತೆಯ ಅತ್ತೆ ಬಿಟ್ಟ ಒಂದು ಮಾತಿಗೆ ಹೆದರಿ ಕೂತಿದ್ದಾನಲ್ಲ ಎಂದುಕೊಂಡಳು.

"ನನ್ನ ಮನೆ ಗುರುಗಳೇ?"

"ಸಂತರ ಸೇವಕಿ ಅಂತ ಬೇಲಿಯೊಳಗೆ ಇರಬಹುದು. ಸಾಯೋತನಕ. ಬಿಷಪ್ಪರ ಬಾಯಲ್ಲೇ ಹೇಳಿಸ್ತೀನಿ."

"ಇಲ್ಲಾಂದ್ರೆ?"

"ಹಬ್ಬದ ಮಾರನೇ ದಿನ ದೋಣಿ."

ಸಂತನ ಚರಿತ್ರೆ ಬರೆಯಲು ಮಠದವರು ಸಮುದ್ರದಾಚೆಯಿಂದ ರೈನೆರ್ ಎಂಬ ಸನ್ಯಾಸಿಯನ್ನು ಕರೆಸಿದ್ದರು. ಅವನು ಮೇಣದ ಹಲಗೆ ಹಿಡಿದು, ಮೈಲಿಗೆಯಾಗದ ಹಾಗೆ ಹೊಸ್ತಿಲಿನಿಂದ ಎರಡು ಮಾರು ಆಚೆ ನಿಂತು, ಡುನ್ನೆಯನ್ನು ವಿಚಾರಿಸಿಕೊಳ್ಳಲು ಬಂದ.

"ಪೆಟ್ಟಿಗೆ ತೆಗೆದಾಗ ಎಂಥ ಪರಿಮಳ ಬರುತ್ತಮ್ಮ?"

"ಇಲೀದು."

ಅವನು ಬರೆದುಕೊಂಡ.

"ಏನು ಬರ್ಕೊಂಡ್ರಿ?"

"ಲಿಲ್ಲಿ ಹೂವಿನ ಪರಿಮಳ. ಸಂತರು ಊಟಕ್ಕೆ ಏನು ತಗೋತಿದ್ರು?"

"ನಂಗೇನು ಗೊತ್ತು ಸ್ವಾಮಿ? ಅವರು ಹೋಗಿ ಇನ್ನೂರು ವರ್ಷ ಆಯ್ತು."

"ದಿನಕ್ಕೆ ಒಂದು ಚೂರು ಬಾರ್ಲಿ ರೊಟ್ಟಿ, ಒಂದು ಬಟ್ಟಲು ಕೊಚ್ಚೆ ನೀರು," ಎಂದು ಅವನು ಬರೆಯುತ್ತಲೇ ಹೇಳಿದ.

"ಗೊತ್ತಿದ್ಮೇಲೆ ನನ್ನ ಯಾಕೆ ಕೇಳ್ತೀರಿ?"

"ಸ್ಥಳದೋರ ಸಾಕ್ಷಿ ಅಂತ ಹಾಕಬೇಕಲ್ಲ. ಸಂತರು ಅಂದ್ಮೇಲೆ ಎಲ್ಲರೂ ಅದನ್ನೇ ತಿನ್ನೋದು. ಅಂದಹಾಗೆ, ನಿಂಗೆ ಮಕ್ಕಳಿದ್ವಂತೆ?"

ಡುನ್ನೆ ಬಾಗಿಲು ಹಾಕಿಕೊಂಡಳು.

ಹಬ್ಬಕ್ಕೆ ಮೂರು ದಿನವಿದ್ದಾಗ ಗಾರ್ಮುಂಡ್ ಬಂದ. ಅದು ಮಠದಲ್ಲಿ ಮೌನದ ಹೊತ್ತು. ಆ ಹೊತ್ತಿನಲ್ಲಿ ಸನ್ಯಾಸಿಗಳು ಬೆರಳಲ್ಲೇ ಎಲ್ಲವನ್ನೂ ಹೇಳಬೇಕು: ರೊಟ್ಟಿಗೆ ಒಂದು ಸನ್ನೆ, ಉಪ್ಪಿಗೆ ಒಂದು, ಒಳಚಡ್ಡಿಗೂ ಒಂದು. ಅವನು ಬಾಗಿಲಲ್ಲಿ ನಿಂತು ಗಡ್ಡವಿದ್ದ ಜಾಗವನ್ನು ಎರಡು ಬೆರಳಿಂದ ಸವರಿ, ಕೈಯನ್ನು ತಿರುಗಿಸಿ, ಎದೆ ತಟ್ಟಿಕೊಂಡ.

"ಯಾಕೆ, ನಾಲಿಗೆಯನ್ನೂ ಬೋಳಿಸಿದ್ರಾ?"

ಅವನು ಹಿಂದೆ ಮುಂದೆ ನೋಡಿ ಒಳಗೆ ನುಸುಳಿದ. "ಮೆಲ್ಲಗೆ ತಂಗಿ, ಮೆಲ್ಲಗೆ."

"ತಂಗಿ?"

"ಈಗ ಹಂಗೇ ಕರೀಬೇಕಂತೆ."

"ತಂಗಿಯಂತೆ! ತಂಗಿ ಹೊಟ್ಟೇಲಿ ಮಗು ಹುಟ್ಟಿಸ್ದೋನು."

ಅವನು ನಿಲುವಂಗಿಯೊಳಗಿಂದ ಒಂದು ಗಂಟು ತೆಗೆದು ಅವಳ ಮುಂದೆ ಹಿಡಿದ. "ಬೋಳಿಸ್ದಾಗ ಕೆಳಗೆ ಬಿದ್ದಿದ್ದನ್ನೆಲ್ಲಾ ಗುಡಿಸಿ ಇಟ್ಕೊಂಡಿದ್ದೆ. ಏಳೆಂಟು ಹಬ್ಬಕ್ಕೆ ಸಾಕಾಗುತ್ತೆ. ನಿನ್ನ ಮನೆ ಉಳೀತದೆ."

ಗಂಟು ಭಾರವಾಗಿತ್ತು. ಹೆಂಡತಿಯನ್ನು ಒಂದೇ ಮಧ್ಯಾಹ್ನದಲ್ಲಿ ಬಿಟ್ಟವನು ಗಡ್ಡವನ್ನು ಬಿಟ್ಟಿರಲಿಲ್ಲ. ಡುನ್ನೆ ಅವನ ಮುಖ ನೋಡಿದಳು. "ನಿಂಗೇನು ಸಿಗುತ್ತೆ ಇದ್ರಲ್ಲಿ?"

"ಹಬ್ಬ ಚೆನ್ನಾಗಿ ನಡೆದ್ರೆ ಉಗ್ರಾಣ ನನ್ನ ಕೈಗೆ ಬರುತ್ತೆ. ರೈನೆರ್ ಸ್ವಾಮಿಗಳಿಗೂ ನನ್ನ ಮೇಲೆ ಪ್ರೀತಿ. ಪುಸ್ತಕಕ್ಕೆ ಬೇಕಾದ್ದನ್ನೆಲ್ಲಾ ಅವರಿಗೆ ನಾನೇ ಹೇಳಿರೋದು."

ಏನು ಹೇಳಿದೆ ಎಂದು ಅವಳು ಕೇಳಲಿಲ್ಲ. ಇವನಿಗೆ ಹೇಳಲು ಏನಿದೆ, ಯಾವ ವರ್ಷ ಯಾವ ಬಾತು ಎಷ್ಟು ಕೊಬ್ಬಿತ್ತು ಎಂಬುದನ್ನು ಬಿಟ್ಟು, ಎಂದುಕೊಂಡಳು. ಸೂರಿನ ನೀರು ನೆನಪಾಯಿತು. ನಾಚಿಕೆಯಾದರೂ ಗಂಟನ್ನು ಇಸಿದುಕೊಂಡಳು.

ಹಬ್ಬದ ದಿನ ಜನ ಎಷ್ಟು ಸೇರಿತೆಂದರೆ ಸಂತನ ಪೆಟ್ಟಿಗೆಯನ್ನು ಚರ್ಚಿನ ಮುಂದಿನ ಅಂಗಳಕ್ಕೆ ತಂದು ಕಾಲುಮಣೆಗಳ ಮೇಲೆ ಇಡಬೇಕಾಯಿತು. ಒಂದು ಕಡೆ ಕುರ್ಚಿಯಲ್ಲಿ ಬಿಷಪ್ಪರು, ಪಕ್ಕದಲ್ಲಿ ಸೀಗರ್, ಹಿಂದೆ ಸಾಲಾಗಿ ಸನ್ಯಾಸಿಗಳು, ಅವರ ನಡುವೆ ತೊಳೆದಿಟ್ಟ ಹೊಸ ನಿಲುವಂಗಿಯಲ್ಲಿ ಗಾರ್ಮುಂಡ್. ಇನ್ನೊಂದು ಕಡೆ ಹಾವುಮೀನಿನವರು, ಜೊಂಡು ಕೊಯ್ಯುವವರು, ಅಂಬಿಗರು, ಅವರ ಹೆಂಡಿರು ಮಕ್ಕಳು. ಡುನ್ನೆ ಪೆಟ್ಟಿಗೆಯ ತಲೆಯ ಬದಿಗೆ ನಿಂತಿದ್ದಳು. ಗಡ್ಡದ ಗಂಟು ಅವಳ ಅಂಗಿಯ ಅಗಲ ತೋಳಿನೊಳಗಿತ್ತು. ಮುಚ್ಚಳ ಸರಿಸುವುದು, ಶವವಸ್ತ್ರದಡಿ ಕೈಯಿಡುವುದು, ಕತ್ತರಿ ಎರಡು ಸಲ ಆಡಿಸುವುದು, ಗಡ್ಡ ಎತ್ತಿ ತೋರಿಸುವುದು. ಕಣ್ಣು ಕಟ್ಟಿಕೊಂಡೂ ಮಾಡಬಲ್ಲ ಕೆಲಸ. ಗಂಡಸರಂತೂ ಈಗಾಗಲೇ ಕಣ್ಣುಗಳನ್ನು ನೆಲಕ್ಕೆ ಅಂಟಿಸಿಕೊಂಡಿದ್ದರು.

ಅದಕ್ಕೆ ಮೊದಲು ರೈನೆರ್ ಹೊಸ ಪುಸ್ತಕವನ್ನು ಜನಕ್ಕೆ ತಿಳಿಯುವ ನುಡಿಯಲ್ಲಿ ಓದಿದ. ಸಂತ ಹುಟ್ಟಿದಾಗ ಬಂದ ಬೆಳಕು, ಭುಜದ ಮೇಲೆ ಕೂತ ಹಕ್ಕಿಗಳು, ಜೊಂಡಿನೊಳಗಿಂದ ಬೈದ ದೆವ್ವಗಳು, ಬಾರ್ಲಿ ರೊಟ್ಟಿ, ಕೊಚ್ಚೆ ನೀರು. ಜನ ಆಹಾ ಎಂದರು. ಡುನ್ನೆ ಆಕಳಿಕೆ ತಡೆದುಕೊಂಡಳು. ರೈನೆರ್ ಪುಟ ತಿರುಗಿಸಿದ.

"ಪಾದ್ರಿಗಳು ಹೆಂಡಿರೊಡನೆ ಹೊರಳಾಡಿ ಈ ಪುಣ್ಯಸ್ಥಳವನ್ನು ಹಂದಿಗೂಡು ಮಾಡಿದ್ದ ಕಾಲದಲ್ಲಿ, ಅವರಲ್ಲೊಬ್ಬನ ಹೆಂಡತಿ ಸಂಸಾರದ ಮೈಲಿಗೆಯ ಕೈಯಿಂದಲೇ ಸಂತನ ಮುಖವನ್ನು ಮುಟ್ಟಿದಳು. ಸಂತನು ಕೋಪಗೊಂಡು ಅವಳ ಎರಡೂವರೆ ವರ್ಷದ ಹೆಣ್ಣುಮಗುವಿಗೆ ಜ್ವರ ಕಳುಹಿಸಿ, ನಾಲ್ಕೇ ದಿನದಲ್ಲಿ ಅದರ ಪ್ರಾಣ ತೆಗೆದನು. ತಂದೆಯಾದ ಪಾದ್ರಿಯು ಇದನ್ನು ಕಂಡು ಜ್ಞಾನೋದಯವಾಗಿ, ಮುಂದೆ ಆ ಹೆಣ್ಣನ್ನು ತೊರೆದು ಸನ್ಯಾಸಿಯಾದನು."

ಎರಡೂವರೆ ವರ್ಷ. ನಾಲ್ಕು ದಿನ. ಇಷ್ಟನ್ನು ಹೇಳಬಲ್ಲವನು ಈ ಲೋಕದಲ್ಲಿ ಒಬ್ಬನೇ ಇದ್ದ. ಅವನು ತನ್ನ ಕಾಲ್ಬೆರಳುಗಳನ್ನು ನೋಡಿಕೊಂಡು ನಿಂತಿದ್ದ. ಜನರೆಲ್ಲ ಡುನ್ನೆಯ ಕಡೆ ತಿರುಗಿದರು. ಒಬ್ಬ ಹೆಂಗಸು ತನ್ನ ಕೂಸನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಸೀಗರ್ ಮಾತ್ರ ಏನೂ ಆಗದವನಂತೆ, ಶುರು ಮಾಡು ಎಂದು ಕೈಸನ್ನೆ ಮಾಡಿದ. ಹೆಸರು ಹಾಕಿಲ್ಲವಲ್ಲ, ಮತ್ತೇನು ಎಂದುಕೊಂಡಿರಬೇಕು. ಪುಸ್ತಕ ಮಾಡಿಸುವ ಜನಕ್ಕೆ, ಅದರೊಳಗೆ ಬರುವವರಿಗೂ ಕಿವಿ ಇರುತ್ತದೆ ಎಂಬುದು ಹೊಳೆಯುವುದಿಲ್ಲ.

ಡುನ್ನೆ ಮುಚ್ಚಳ ಸರಿಸಿದಳು. ಶವವಸ್ತ್ರದಡಿ ಕೈಯಿಟ್ಟಳು. ತಣ್ಣಗಿನ ಬುರುಡೆ ಅಂಗೈಗೆ ತಾಗಿತು. ನೀನು ಕೊಂದಿಲ್ಲಪ್ಪ, ನಿನ್ನ ಕೈಲಿ ಇಲಿಯನ್ನೂ ಓಡಿಸೋಕೆ ಆಗಲಿಲ್ಲ ಎಂದು ಮನಸ್ಸಿನಲ್ಲೇ ಹೇಳಿದಳು. ತೋಳಿನೊಳಗೆ ಗಂಟು ಬೆರಳಿಗೆ ಸಿಕ್ಕಿತು. ಎತ್ತಿ ತೋರಿಸಿದರೆ ಮನೆ ಉಳಿಯುತ್ತದೆ, ಸೂರು ಉಳಿಯುತ್ತದೆ, ಸಾಯುವವರೆಗೆ. ಆದರೆ ಗಡ್ಡ ನಿಜವಾದರೆ ಸಂತ ನಿಜ, ಸಂತ ನಿಜವಾದರೆ ಅವನ ಕೋಪ ನಿಜ, ಆ ಕೋಪಕ್ಕೆ ಟಾಟೆ ಸತ್ತದ್ದೂ ನಿಜ. ಮಗಳನ್ನು ಕೊಂದದ್ದು ನೀನೇ ಎಂದವರ ಮುಂದೆ, ಹೌದು ಎಂದು ತನ್ನ ಕೈಯಾರೆ ಸಾಕ್ಷಿ ಎತ್ತಿ ಹಿಡಿದ ಹಾಗೆ. ಗಂಟನ್ನು ತೋಳಿನೊಳಗೇ ಬಿಟ್ಟಳು. ಬರಿಗೈಯನ್ನು ಹೊರಗೆ ತೆಗೆದಳು.

"ಗಡ್ಡ ಇಲ್ಲ ಗುರುಗಳೇ."

ಸೀಗರ್ ಮೊದಲ ಬಾರಿಗೆ ಅವಳ ಮುಖ ನೋಡಿದ. "ಇಲ್ಲ ಅಂದ್ರೆ?"

"ಬೋಳಿಸ್ಕೊಂಡ್ಬಿಟ್ಟಿದ್ದಾರೆ." ಅಂಬಿಗರ ಸಾಲಿಗೂ ಕೇಳುವಂತೆ ಗಂಟಲೆತ್ತಿ ಹೇಳಿದಳು. "ನೀವು ಬಂದ್ರಲ್ಲ. ಪಾಪ, ಅವರಿಗೂ ಹೊಟ್ಟೆಪಾಡು."

ಅಂಬಿಗರಲ್ಲಿ ಯಾರೋ ಕಿಸಕ್ಕೆಂದರು. ಗಾರ್ಮುಂಡನ ಕಿವಿ ಕೆಂಪಾದದ್ದನ್ನು ಡುನ್ನೆ ನೋಡಿದಳು. ಈಗ ಶವವಸ್ತ್ರ ಎಳೆಯುತ್ತಾರೆ, ಬುರುಡೆ ಇಲಿಗೂಡು ಎಲ್ಲ ಬೆಳಕಿಗೆ ಬರುತ್ತದೆ, ಈ ಬೋಳು ಮಂದಿಯ ಮಾನ ನಡುಬೀದಿಗೆ ಬೀಳುತ್ತದೆ ಎಂದು ಅವಳು ಕಾದಳು. ತನ್ನ ಮನೆ ಹೋಯಿತು, ಆದರೆ ಇವರ ಪುಸ್ತಕವೂ ಹೋಯಿತು.

ಕುರ್ಚಿಯಿಂದ ಬಿಷಪ್ಪರು ನಿಧಾನವಾಗಿ ಎದ್ದರು. ಮುದುಕರು, ಕಣ್ಣಲ್ಲಿ ನೀರು ತುಂಬಿತ್ತು. ಎರಡೂ ಮಂಡಿಯೂರಿ ಕೂತರು.

"ಸಂತರು ಮಠದ ನಿಯಮಕ್ಕೆ ಒಪ್ಪಿದ್ದಾರೆ," ಎಂದರು. "ಸತ್ತ ಮೇಲೂ ಸನ್ಯಾಸ ತಗೊಂಡಿದ್ದಾರೆ!"

ಸೀಗರನಿಗೆ ಅರೆಗಳಿಗೆ ಬೇಕಾಯಿತು, ಅಷ್ಟೇ. ಅವನೂ ಕುಸಿದು ಕೂತು ಸ್ತೋತ್ರ ಎತ್ತಿಕೊಂಡ. ಸನ್ಯಾಸಿಗಳು ದನಿ ಸೇರಿಸಿದರು. ಕಿಸಕ್ಕೆಂದಿದ್ದ ಅಂಬಿಗನೂ ಟೋಪಿ ತೆಗೆದು ಮಂಡಿಯೂರಿದ. ರೈನೆರ್ ಆಗಲೇ ಮೇಣದ ಹಲಗೆಯ ಮೇಲೆ ಗೀಚುತ್ತಿದ್ದ. ಹೊಟ್ಟೆಪಾಡಿನ ಮಾತನ್ನು ಅವನು ಬರೆದುಕೊಂಡಂತೆ ಕಾಣಲಿಲ್ಲ. ಅವಳು ಉಗಿದದ್ದನ್ನು ಅವರು ತೀರ್ಥವೆಂದು ಕಣ್ಣಿಗೊತ್ತಿಕೊಂಡರು. ಇಡೀ ಅಂಗಳದಲ್ಲಿ ನಿಂತಿದ್ದವಳು ಡುನ್ನೆ ಒಬ್ಬಳೇ.

ಸಂಜೆ ಅವಳು ಸೀಗರನ ಮುಂದೆ ಹೋಗಿ ನಿಂತಳು. ಅವನು ಮತ್ತೆ ಕಂಬಕ್ಕೆ ತಿರುಗಿದ್ದ.

"ಮನೆ ಅಂದಿದ್ರಿ ಗುರುಗಳೇ. ನಿಮಗೆ ಬೇಕಾದ್ದಕ್ಕಿಂತ ಹೆಚ್ಚೇ ಸಿಕ್ತಲ್ಲ."

"ಗಡ್ಡಕ್ಕೆ ಅಂದಿದ್ದೆ. ಸಂತರಿಗೆ ಇನ್ನು ಗಡ್ಡ ಬೆಳೆಯಲ್ಲ. ಬೆಳೀದಿದ್ಮೇಲೆ ಕತ್ತರಿಸೋರು ಯಾಕೆ? ನಾಳೆ ದೋಣಿ."

ಅವಳು ದೋಣಿ ಹತ್ತಿದಳು. ಆಚೆ ದಡದ ಕಡವಿನಲ್ಲಿ ಜೊಂಡಿನ ಗುಡಿಸಲು ಹಾಕಿಕೊಂಡು ಬಾರ್ಲಿ ಹೆಂಡ, ಹೊಗೆಯಲ್ಲಿ ಒಣಗಿಸಿದ ಹಾವುಮೀನು ಮಾರತೊಡಗಿದಳು. ದ್ವೀಪಕ್ಕೆ ಹೋಗುವ ಭಕ್ತರು ಅಲ್ಲೇ ದೋಣಿಗೆ ಕಾಯುತ್ತಿದ್ದರು. ಸಂತನ ಹೊಸ ಪವಾಡವನ್ನು ಅವಳಿಗೇ ಬಣ್ಣಿಸಿ ಹೇಳುತ್ತಿದ್ದರು. ಕೆಲವರು ಹರಕೆ ಹೊತ್ತು ಗಡ್ಡ ಬೋಳಿಸಿಕೊಂಡು ಬರುತ್ತಿದ್ದರು; ಅವರಲ್ಲಿ ಎಷ್ಟು ಜನಕ್ಕೆ ಗದ್ದವೇ ಇಲ್ಲ ಎಂದು ಅವಳು ಲೆಕ್ಕವಿಡುವುದನ್ನು ಬಿಟ್ಟಳು. ಮಳೆ ಬಂದಾಗ ಬಾಗಿಲಲ್ಲಿ ಕೂತು ದ್ವೀಪದ ಕಡೆ ನೋಡುತ್ತಿದ್ದಳು. ಚರ್ಚು ಒಂದು ಕಪ್ಪು ಉಂಡೆಯಂತೆ ಕಾಣುತ್ತಿತ್ತು. ಸದ್ದು ಕೇಳುತ್ತಿರಲಿಲ್ಲ. ಆದರೂ ನೀರು ಅಲ್ಲಿ ಬೀಳುತ್ತಿರುತ್ತದೆ ಎಂದು ಗೊತ್ತಿತ್ತಲ್ಲ, ಅಷ್ಟು ಸಾಕೆಂದು ಮನಸ್ಸನ್ನು ಒಪ್ಪಿಸಿದ್ದಳು.

ಮುಂದಿನ ವರ್ಷದ ಹಬ್ಬಕ್ಕೆ, ಹೆಂಗಸರಿಗೆ ಬೇಲಿ ತೆರೆಯುವ ಆ ಒಂದು ದಿನ, ಅವಳೂ ಭಕ್ತರ ಜೊತೆ ದೋಣಿ ಹತ್ತಿದಳು. ಹಬ್ಬದ ದಿನ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಹದಿನಾಲ್ಕು ವರ್ಷದ ಅಭ್ಯಾಸ. ಕೈ ತಾನಾಗಿ ಸಿಕ್ಕಿಸಿತ್ತು. ಅದರಲ್ಲಿ ಬಾಚಣಿಗೆ ಇತ್ತು, ನೀರಿಗೆ ಎಸೆಯಬೇಕೆಂದು ವರ್ಷವಿಡೀ ಅಂದುಕೊಂಡು ಎಸೆಯದೆ ಉಳಿದ ಆ ಗಂಟೂ ಇತ್ತು. ಜನರೆಲ್ಲ ಸಂತನ ಪೆಟ್ಟಿಗೆಯತ್ತ ನುಗ್ಗಿದರೆ ಅವಳು ನೇರ ಬಡಗಣ ಗೋಡೆಗೆ ಹೋದಳು.

ಮನೆಯ ಗುರುತೇ ಇರಲಿಲ್ಲ. ಆ ಜಾಗದಲ್ಲಿ ಗೋಡೆಯುದ್ದಕ್ಕೂ ಮರಳು ಹಾಸಿದ ಕಾಲುದಾರಿ. ಸನ್ಯಾಸಿಗಳು ಪುಸ್ತಕ ಹಿಡಿದು ಅಡ್ಡಾಡುವುದಕ್ಕಂತೆ. ಸೂರಿನ ಕೆಳಗೆ, ಈ ತುದಿಯಿಂದ ಆ ತುದಿಯವರೆಗೆ, ಕೊರೆದ ಮರದ ದಂಬೆ ಕಟ್ಟಿದ್ದರು. ಮಾಡಿನ ನೀರೆಲ್ಲ ಅದರಲ್ಲಿ ಹರಿದು ಮೂಲೆಯ ಪೀಪಾಯಿಗೆ ಬೀಳುವ ಏರ್ಪಾಡು. ಗೋಡೆಯ ಬುಡದ ಮಣ್ಣು ಬೂದಿಯಂತೆ ಒಣಗಿತ್ತು. ಟಾಟೆಯ ಮೇಲೆ ಹುಲ್ಲು ಸತ್ತಿತ್ತು. ಒಂದು ವರ್ಷ ಅಲ್ಲಿಗೆ ಒಂದು ಹನಿಯೂ ಬಿದ್ದಿರಲಿಲ್ಲ.

ಡುನ್ನೆ ಅಲ್ಲೇ ಕುಕ್ಕರಿಸಿದಳು. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ನೋಡಿದರೆ ಗಾರ್ಮುಂಡ್. ಸೊಂಟದಲ್ಲಿ ಬೀಗದ ಕೈಗೊಂಚಲು, ಕತ್ತಿನಲ್ಲಿ ಮೂರು ಮಡಿಕೆ ಕೊಬ್ಬು. ಇಲ್ಲಿ ಹೆಂಗಸರು ನಿಲ್ಲುವ ಹಾಗಿಲ್ಲ ಎಂದು ಬೆರಳಲ್ಲಿ ತೋರಿಸಿದ. ಅವಳ ಗುರುತು ಹಿಡಿದ ಮೇಲೆ ಬೆರಳು ನಿಂತಿತು.

"ಇಲ್ಲಿ ಯಾರು ಮಲಗಿರೋದು ಅಂತ ನೆನಪಿದ್ಯಾ?"

ಅವನು ತುಟಿಯ ಮೇಲೆ ಬೆರಳಿಟ್ಟ.

"ಈ ದಂಬೆ ಯಾವನು ಕಟ್ಟಿಸ್ದ?"

ಅವನು ಸುತ್ತ ನೋಡಿ ಪಿಸುಗುಟ್ಟಿದ. "ಪುಸ್ತಕ ನೆನೀತಿದ್ವು ತಂಗಿ. ರಿಪೇರಿ ಎಲ್ಲಾ ಉಗ್ರಾಣದೋರ ಜವಾಬ್ದಾರಿ ಅಲ್ವಾ... ನಾನೇ ಕಟ್ಟಿಸ್ದೆ."

ಅವಳು ಅವನನ್ನು ಬಯ್ಯಲಿಲ್ಲ. ಬಯ್ಯಲು ಎದುರಿಗೆ ಒಬ್ಬ ಮನುಷ್ಯ ಬೇಕು. ಅಷ್ಟರಲ್ಲಿ ಪ್ರಾರ್ಥನೆಯ ಗಂಟೆ ಬಾರಿಸಿತು. ಗಾರ್ಮುಂಡ್ ಸದ್ಯ ಬದುಕಿಕೊಂಡೆ ಎಂಬಂತೆ ನಿಲುವಂಗಿ ಎತ್ತಿಕೊಂಡು, ಬೀಗದ ಕೈ ಝಣಗುಟ್ಟಿಸುತ್ತಾ ಚರ್ಚಿನೊಳಗೆ ಓಡಿದ.

ಪೀಪಾಯಿಯ ಪಕ್ಕ ಒಂದು ಮರದ ಬಕೆಟ್ಟು ಇತ್ತು. ಡುನ್ನೆ ಅದನ್ನು ಟಾಟೆ ಮಲಗಿದ್ದ ಕಡೆಗೆ ತಂದು, ಬೋರಲು ಹಾಕಿ ಹತ್ತಿದಳು. ಹಳೆಯ ಚರ್ಚು, ತಗ್ಗು ಸೂರು. ದಂಬೆ ಕೈಗೆ ಸಿಕ್ಕಿತು. ಇಳಿದು, ಗಂಟು ಬಿಚ್ಚಿ ಅರ್ಧ ಗಡ್ಡವನ್ನು ತೆಗೆದಳು. ಗುಡಿಸಲಿನ ಗೋಡೆಗೆ ಜೇಡಿಯೊಂದಿಗೆ ಕೂದಲು ಕಲಸಿ ಮೆತ್ತಿದರೆ ಬಿರುಕು ಬಿಡುವುದಿಲ್ಲವೆಂದು ಆ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಪೀಪಾಯಿಯ ಬುಡದ ಕೆಸರಿನಲ್ಲಿ ಗಡ್ಡವನ್ನು ಹೊರಳಿಸಿ, ಮತ್ತೆ ಹತ್ತಿ, ಮಗಳ ತಲೆಯಿದ್ದ ಜಾಗದಿಂದ ಪೀಪಾಯಿಯ ಕಡೆಗೆ ಒಂದು ಗೇಣು ಮುಂದಕ್ಕೆ, ದಂಬೆಯೊಳಗೆ ಗಿಡಿದಳು. ಬಾಚಣಿಗೆಯಿಂದ ಒತ್ತಿ ಒತ್ತಿ ಕೂರಿಸಿದಳು. ಉಳಿದರ್ಧವನ್ನು ಮತ್ತೆ ಗಂಟು ಕಟ್ಟಿದಳು. ಯಾರಾದರೂ ಏಣಿ ಹಾಕಿ ತೆಗೆದರೆ ಮುಂದಿನ ಹಬ್ಬಕ್ಕೆ ಬೇಕಾಗುತ್ತದೆ.

ಒಳಗೆ ರೈನೆರ್ ಪುಸ್ತಕ ಓದುವುದು ಕೇಳಿಸುತ್ತಿತ್ತು. ಅವನು ಹಕ್ಕಿಗಳನ್ನು ದಾಟಿ ದೆವ್ವಗಳಿಗೆ ಬರುವ ಹೊತ್ತಿಗೆ ಮಳೆ ಹನಿಯಿತು. ಆಮೇಲೆ ಹಿಡಿದುಕೊಂಡು ಸುರಿಯಿತು. ದಂಬೆಯಲ್ಲಿ ನೀರು ಹರಿದು ಬಂದು, ಗಡ್ಡಕ್ಕೆ ತಾಗಿ ನಿಂತು, ಏರಿ, ಅಂಚು ದಾಟಿ ಕೆಳಗೆ ಬೀಳತೊಡಗಿತು. ಮೊದಲು ಹನಿ, ಆಮೇಲೆ ಒಂದೇ ಎಳೆಯಾಗಿ. ಬೂದಿಯಂಥ ಮಣ್ಣು ಕಪ್ಪಗಾಯಿತು. ಡುನ್ನೆ ಸೆರಗು ನೆನೆಯುವುದನ್ನೂ ಮರೆತು ಆ ಸದ್ದು ಕೇಳುತ್ತಾ ನಿಂತಳು. ಹೆಂಗಸರ ಹೊತ್ತು ಮುಗಿಯಿತೆಂದು ಬಾಗಿಲವನು ಕೂಗುವವರೆಗೂ ನಿಂತಳು. ಗಡ್ಡ ಕದಲಲಿಲ್ಲ. ಮಗಳಿಗೆಂದು ಅದು ಮಾಡಿದ ಮೊದಲ ಕೆಲಸ ಅದು.